ಠರಾವಿನ ಕೆಳಗೆ ಬರೆದ ಹೆಸರು

ನಿರ್ದೇಶಕರ ಬೋರ್ಡಿನಲ್ಲಿ ಹೆಣ್ಣುಮಕ್ಕಳಿದ್ದರೆ ಕಂಪನಿಗೆ ಒಳ್ಳೆಯ ಹೆಸರು ಬರುತ್ತದೆ ಅನ್ನುವ ಮಾತು ಈಚೆಗೆ ಎಲ್ಲ ಕಡೆ ಕೇಳಿಬರುತ್ತದೆ. ಕಲಬುರಗಿಯ ಒಂದು ಸಿ.ಎ. ಆಫೀಸಿನಲ್ಲಿ ಕಂಪನಿಗಳ ಕಾಗದಪತ್ರ ನೋಡಿಕೊಳ್ಳುವ ನನಗೆ ಅದು ಅರ್ಧ ಮಾತ್ರ ಖರೆ ಅನ್ನಿಸುತ್ತದೆ. ಬೋರ್ಡಿನಲ್ಲಿ ಕೂತ ಹೆಣ್ಣುಮಗಳು ಒಂದು ವಿಷಯಕ್ಕೆ ಬೇಡ ಅಂದರೆ ಆ ಬೇಡ ಸಭೆಯ ನಡಾವಳಿ ಪುಸ್ತಕಕ್ಕೆ ಏರಬೇಕು. ಒಳ್ಳೆಯ ಹೆಸರಿನ ಮಾತು ಅದಾದ ಮೇಲೆ.

2013ರ ಕಂಪನಿ ಕಾಯ್ದೆ ಷೇರುಪೇಟೆಯ ಎಲ್ಲ ಕಂಪನಿಗಳಿಗೂ, 100 ಕೋಟಿ ರೂಪಾಯಿ ಬಂಡವಾಳ ಅಥವಾ 300 ಕೋಟಿ ವಹಿವಾಟು ಮುಟ್ಟಿದ ಪಬ್ಲಿಕ್ ಕಂಪನಿಗಳಿಗೂ ಕನಿಷ್ಠ ಒಬ್ಬ ನಿರ್ದೇಶಕಿ ಇರಲೇಬೇಕು ಎಂದಿತು. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ ಗಡುವು 2015ರ ಏಪ್ರಿಲ್ 1. ಗಡುವು ಹತ್ತಿರವಾದಂತೆ ಎಷ್ಟೋ ಕಡೆ ಮಾಲೀಕರ ಹೆಂಡತಿ, ಮಗಳು, ಅತ್ತಿಗೆಯರ ಹೆಸರು ಬೋರ್ಡಿಗೆ ಸೇರಿದವು. ಮುಂದೆ ಸೆಬಿಯೇ ಮೊದಲ 500 ದೊಡ್ಡ ಕಂಪನಿಗಳಿಗೆ 2019ರಿಂದ, 1000 ಕಂಪನಿಗಳಿಗೆ 2020ರಿಂದ ಸ್ವತಂತ್ರ ನಿರ್ದೇಶಕಿಯೇ, ಅಂದರೆ ಮಾಲೀಕರ ಮನೆತನಕ್ಕೆ ಸೇರದವರೇ ಬೇಕು ಎಂದು ಬಿಗಿ ಮಾಡಬೇಕಾಯಿತು.

ನಾನು ಹೇಳಹೊರಟಿರುವ ಕಂಪನಿ ಈ ಲೆಕ್ಕಕ್ಕೆಲ್ಲ ಬರುವುದಿಲ್ಲ. ಆಳಂದ ಕಡೆಯ ತೊಗರಿ ಬೆಳೆಗಾರರು ಕೂಡಿ ಕಟ್ಟಿಕೊಂಡ ರೈತ ಉತ್ಪಾದಕ ಕಂಪನಿ ಅದು. ಆದರೆ ಕೇಂದ್ರದ ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಯೋಜನೆಯ ಮಾರ್ಗಸೂಚಿಯಲ್ಲಿ ಬೋರ್ಡಿನಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು ಎಂದಿದೆ. ಹಾಗಾಗಿ ಅಲ್ಲೊಬ್ಬ ಅಕ್ಕ ನಿರ್ದೇಶಕಿಯಾಗಿದ್ದರು. ಹೊಸ ತೊಗರಿ ರಾಶಿಯಾಗುವ ಜನವರಿಯಲ್ಲಿ ಬೋರ್ಡ್ ಸಭೆಯ ನಡಾವಳಿ ಬರೆಯಲು ನನ್ನನ್ನು ಕರೆದಿದ್ದರು.

ಸಭೆಗೆ ಬಂದು ಕೂತವರು ಅಕ್ಕನ ಯಜಮಾನರು. ಹಾಜರಿ ಪುಸ್ತಕಕ್ಕೆ ಮನೆಯಲ್ಲೇ ಸಹಿ ಹಾಕಿಸಿಕೊಂಡು ತಂದಿದ್ದರು. ಹೀಗೆ ನಿರ್ದೇಶಕರ ಬದಲಿಗೆ ಮನೆಯವರು ಬಂದು ಕೂಡುವ ಅವಕಾಶ ಬೋರ್ಡ್ ಸಭೆಯಲ್ಲಿ ಇಲ್ಲ, ಪ್ರಾಕ್ಸಿ ಅನ್ನುವ ಬದಲಿ ವ್ಯಕ್ತಿ ನಡೆಯುವುದು ಷೇರುದಾರರ ಮಹಾಸಭೆಯಲ್ಲಿ ಎಂದೆ. ಅವರು ಜಗಳ ಮಾಡಲಿಲ್ಲ. ಗಾಡಿ ತೆಗೆದುಕೊಂಡು ಹೋಗಿ ಹೊಲದಲ್ಲಿದ್ದ ಅಕ್ಕನನ್ನು ಕರೆತಂದರು. ಸೆರಗಿನ ತುಂಬ ತೊಗರಿಯ ಹೊಟ್ಟು, ಹಾಗೇ ಬಂದು ಕುರ್ಚಿಯ ತುದಿಗೆ ಕೂತರು.

ಮೂರನೇ ವಿಷಯಕ್ಕೆ ಬಂದಾಗ ಮೇಜಿನ ಮೇಲೆ ಎರಡು ತಾಟು ಇಟ್ಟರು. ಒಂದರಲ್ಲಿ ಸದಸ್ಯರ ಹೊಲದ ತೊಗರಿ, ಇನ್ನೊಂದರಲ್ಲಿ ಗಂಜ್ ಮಾರುಕಟ್ಟೆಯ ವ್ಯಾಪಾರಿಯೊಬ್ಬರು ಕಳಿಸಿದ, ಆಫ್ರಿಕಾದಿಂದ ಮುಂಬೈ ಬಂದರಿಗೆ ಇಳಿದ ಮಾಲು. ಆ ವರ್ಷ ಹೊರಗಿನದ್ದೇ ಸೋವಿ. ಎರಡನ್ನೂ ಕೂಡಿಸಿ ಮಿಲ್ಲಿಗೆ ಹಾಕಿ, ಕಂಪನಿಯ ಒಂದು ಕಿಲೋ ಚೀಲದಲ್ಲೇ ಮಾರೋಣ ಎಂಬುದು ಠರಾವು. ಆ ಚೀಲದ ಮೇಲೆ ದೊಡ್ಡದಾಗಿ ಕಲಬುರಗಿ ತೊಗರಿಬೇಳೆ ಎಂದಿದೆ. 2019ರಲ್ಲಿ ಜಿಐ, ಅಂದರೆ ಇಂಥ ಊರಿನದೇ ಮಾಲು ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಬೇಳೆಯದು.

ಅಕ್ಕ ಎರಡೂ ತಾಟಿನಿಂದ ಒಂದೊಂದು ಮುಷ್ಟಿ ತೆಗೆದುಕೊಂಡು, ಅಂಗೈಯಲ್ಲಿ ಹರವಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಕಾಕಾ, ಇದು ನಮ್ಮ ಟಿಎಸ್-3ಆರ್ ತಳಿ ಅದ. ಇದು ಯಾವ ಊರಿಂದೋ ಏನೋ. ಚೀಲದ ಮ್ಯಾಲ ನಮ್ಮ ಊರ ಹೆಸರು ಬರದು ಇದನ್ನ ತುಂಬೋದಂದ್ರ ಹ್ಯಾಂಗ್ರಿ? ತುಗೊಂಡವ್ರು ಹೋದ ಸಲದ ಬ್ಯಾಳಿ ಜಲ್ದಿ ಕುದೀತಿತ್ತು, ಈಗ ಯಾಕ ಹಿಂಗ ಅಂತ ಕೇಳಿದ್ರ ಯಾರು ಹೇಳ್ಬೇಕು?”

ಅಧ್ಯಕ್ಷರು ಕೆಟ್ಟವರಲ್ಲ. ಬ್ಯಾಂಕಿನ ಕಂತು ಅವರ ತಲೆಯ ಮೇಲಿತ್ತು. “ಎಲ್ಲಾರೂ ಕೂಡಸ್ತಾರ ತಂಗಿ, ನಾವ್ ಒಬ್ರೇ ಅಲ್ಲ” ಎಂದರು. ಉಳಿದವರು ಕೈ ಎತ್ತಿದರು. ಠರಾವು ಪಾಸಾಯಿತು. ಅಕ್ಕ ಕೈ ಎತ್ತದೆ, “ನಂದು ಬ್ಯಾಡ ಅಂತ ಬರ್ಕೊಳ್ರಿ ಮೇಡಂ” ಎಂದರು. ಬರೆದೆ.

ಚಹಾ ಕುಡಿಯುವಾಗ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು. “ಅದೊಂದು ಸಾಲು ಬಿಡ್ರಿ. ನಾಳಿ ಬ್ಯಾಂಕಿನವ್ರು ಓದಿದ್ರ ಕಂಪನಿ ಮರ್ಯಾದಿ ಹೋಗ್ತದ.” ಕಾಯ್ದೆಯ 118ನೇ ಕಲಮಿನ ಪ್ರಕಾರ ಠರಾವಿಗೆ ಒಪ್ಪದ ನಿರ್ದೇಶಕರ ಹೆಸರು ನಡಾವಳಿಯಲ್ಲಿ ಇರಲೇಬೇಕು, ಬಿಡಲು ಬರುವುದಿಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ಅಷ್ಟಕ್ಕೆ ಬಿಡಲು ನನಗೂ ಮನಸ್ಸಾಗಲಿಲ್ಲ, ಸತ್ಯಂ ಕಂಪನಿಯ ಕಥೆ ಹೇಳಿದೆ. ನಮ್ಮ ಭಾಗದ ಹುಡುಗರು ಕೆಲಸಕ್ಕೆಂದು ಹೋಗುವ ಹೈದರಾಬಾದಿನದೇ ಸಾಫ್ಟ್‌ವೇರ್ ಕಂಪನಿ. 2008ರ ಡಿಸೆಂಬರ್ 16ರಂದು ಅದರ ಬೋರ್ಡು ಮಾಲೀಕರ ಮನೆತನದ ಎರಡು ಮೈಟಾಸ್ ಕಂಪನಿಗಳನ್ನು ಕೊಳ್ಳಲು ಒಪ್ಪಿತು. ಹೂಡಿಕೆದಾರರು ಸಿಡಿದೆದ್ದ ಮೇಲೆ ಅದನ್ನು ಕೈಬಿಡಬೇಕಾಯಿತು. ಆ ಬೋರ್ಡಿನಲ್ಲಿ ಮಂಗಳಂ ಶ್ರೀನಿವಾಸನ್ ಎಂಬ ಸ್ವತಂತ್ರ ನಿರ್ದೇಶಕಿ ಇದ್ದರು. ಸಭೆಯಲ್ಲಿ ಅನುಮಾನಗಳನ್ನು ಎತ್ತಿದ್ದರೂ ವಿರೋಧವಾಗಿ ಮತ ಹಾಕಿರಲಿಲ್ಲ. ಅದರ ನೈತಿಕ ಹೊಣೆ ತಮ್ಮದೆಂದು ಅದೇ ತಿಂಗಳು ರಾಜೀನಾಮೆ ಕೊಟ್ಟರು. 2009ರ ಜನವರಿ 7ರಂದು ಕಂಪನಿ ಕಟ್ಟಿದ ರಾಮಲಿಂಗ ರಾಜು ಲೆಕ್ಕ ತಿದ್ದಿದ್ದನ್ನು ಒಪ್ಪಿಕೊಂಡಾಗ ಆ ಕಂಪನಿಯ ಮರ್ಯಾದೆ ಏನಾಯಿತು ಎಂಬುದನ್ನು ಜಗತ್ತೇ ನೋಡಿತು. ಅಷ್ಟು ಓದಿದ, ಅಷ್ಟು ವರ್ಷ ಬೋರ್ಡಿನಲ್ಲಿದ್ದ ಹೆಣ್ಣುಮಗಳಿಗೂ ಆ ದಿನ ವಿರೋಧವನ್ನು ಮತವಾಗಿ ದಾಖಲಿಸಲು ಆಗಿರಲಿಲ್ಲ. ಆಳಂದದ ಅಕ್ಕ ಹೊಟ್ಟು ಮೆತ್ತಿದ ಸೆರಗಿನಲ್ಲೇ ಅದನ್ನು ಮಾಡಿದ್ದರು.

ಅಧ್ಯಕ್ಷರು ಏನೂ ಹೇಳಲಿಲ್ಲ. ಕೆಲವು ದಿನ ಬಿಟ್ಟು ನಡಾವಳಿಗೆ ಸಹಿ ಹಾಕಿ ಕಳಿಸಿದರು. ಆ ಸಾಲು ಹಾಗೇ ಇತ್ತು. ಮುಂದಿನ ಸಭೆಯಲ್ಲಿ ಅವರೇ ಠರಾವು ತಿದ್ದಿಸಿದರು: ಹೊರಗಿನ ತೊಗರಿ ಬಂದರೆ ಊರ ಹೆಸರಿಲ್ಲದ ಬೇರೆ ಚೀಲಕ್ಕೆ, ಬೇರೆ ದರಕ್ಕೆ. ಅಕ್ಕನ ಮಾತಿಗೆ ಹಾಗೆ ಮಾಡಿದರೋ, ಪುಸ್ತಕದಲ್ಲಿ ಉಳಿದ ಆ ಹೆಸರು ಕಣ್ಣಿಗೆ ಚುಚ್ಚಿತೋ, ನಾನು ಕೇಳಲಿಲ್ಲ. ಲಾಭ ಆ ವರ್ಷ ಕಡಿಮೆಯೇ ಆಯಿತು, ಅದನ್ನೂ ಹೇಳಬೇಕು.

ಆ ಸಭೆಗೆ ಅಕ್ಕ ತಾವೇ ಬಸ್ಸು ಹತ್ತಿ ಬಂದಿದ್ದರು. ಮುಗಿದ ಮೇಲೆ ನನ್ನ ಹತ್ತಿರ ಬಂದು, “ಏಳು ದಿನ ಮೊದ್ಲ ನೋಟಿಸ್ ಬರ್ತದ ಖರೆ, ಇಂಗ್ಲಿಷಿನಾಗ ಇರ್ತದ. ಕನ್ನಡದಾಗ ಕಳಿಸ್ರಿ. ಜೋಡಿ ದರದ ಪಟ್ಟಿನೂ ಇಡ್ರಿ, ಮನ್ಯಾಗ ಓದ್ಕೊಂಡು ಬರ್ತೀನಿ” ಎಂದರು. ಈಗ ನಾನು ನೋಡಿಕೊಳ್ಳುವ ಎಲ್ಲ ಕಂಪನಿಗಳ ನೋಟಿಸೂ ಕನ್ನಡದಲ್ಲೇ, ದರದ ಪಟ್ಟಿಯ ಸಮೇತ ಹೋಗುತ್ತದೆ.