ಈ ವಯಸ್ಸಿನಲ್ಲಿ ಆಟಿಕೆ ರೈಲು ಯಾಕೆ?

ವಂದೇ ಭಾರತ್ ಓಡುವ ಕಾಲದಲ್ಲಿ ನಿಮಗೆ ಈ ಹಳೆಯ ಉಗಿ ಇಂಜಿನ್‌ಗಳ ಹುಚ್ಚು ಯಾಕೆ? ಅದರ ಜೊತೆಗೆ ಕೀಲಿ ಕೊಟ್ಟು ಓಡಿಸುವ ತಗಡಿನ ರೈಲು ಬೇರೆ! ಹಾಸನದ ನಮ್ಮ ಮನೆಗೆ ಬರುವ ನೆಂಟರು, ಕಚೇರಿಯ ಗೆಳೆಯರು, ಪಕ್ಕದ ಮನೆಯ ಹುಡುಗರು ಎಲ್ಲರೂ ಇದನ್ನು ಕೇಳಿದ್ದಾರೆ. ಬಾಲ್ಯದ ನೆನಪು ಎಂದುಬಿಟ್ಟರೆ ಅವರಿಗೆ ಸಮಾಧಾನವಾದೀತು, ಆದರೆ ನನ್ನ ಕಾರಣ ಬೇರೆ. ಉಗಿ ಇಂಜಿನ್ ತನ್ನ ಕೆಲಸವನ್ನು ಮುಚ್ಚಿಡುವುದಿಲ್ಲ. ಎದುರು ನಿಂತು ತಾಳ್ಮೆಯಿಂದ ನೋಡಿದರೆ, ಬೆಂಕಿ ಹೇಗೆ ಓಟವಾಗುತ್ತದೆ ಎಂಬುದು ಯಾರಿಗಾದರೂ ತಿಳಿಯುತ್ತದೆ.

ಬೆಂಕಿಗೂಡಿನ ಬಿಸಿ ಅನಿಲ ಬಾಯ್ಲರಿನ ಉದ್ದಕ್ಕೂ ಇರುವ ಕೊಳವೆಗಳಲ್ಲಿ ಹಾದು ಸುತ್ತಲಿನ ನೀರನ್ನು ಕುದಿಸುತ್ತದೆ. ಉಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನಿಗೆ ಕೂಡಿದ ದಂಡಗಳು ಗಾಲಿಯನ್ನು ತಿರುಗಿಸುತ್ತವೆ. ಇಷ್ಟು ಶಾಲೆಯ ಪುಸ್ತಕದಲ್ಲೂ ಇರುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಸಂಗತಿ. ದುಡಿದು ಮುಗಿದ ಉಗಿಯನ್ನು ಚಿಮಣಿಯ ನೇರ ಕೆಳಗಿರುವ ಕಿರಿದಾದ ಬಾಯಿಯಿಂದ ಮೇಲಕ್ಕೆ ಚಿಮ್ಮಿಸುತ್ತಾರೆ. ಆ ರಭಸಕ್ಕೆ ಚಿಮಣಿಯ ಬುಡದ ಹೊಗೆಪೆಟ್ಟಿಗೆಯೊಳಗಿನ ಒತ್ತಡ ಇಳಿದು, ಬೆಂಕಿಯ ಕಡೆಯಿಂದ ಹೊಸ ಗಾಳಿ ಎಳೆದುಕೊಂಡು ಬರುತ್ತದೆ. ಏರು ಹತ್ತುವಾಗ ಇಂಜಿನ್ ಹೆಚ್ಚು ಉಗಿ ಬಳಸಿದಷ್ಟೂ ಬೆಂಕಿ ತಾನಾಗಿಯೇ ಜೋರಾಗುತ್ತದೆ! ಮಕ್ಕಳು ಛುಕ್ ಛುಕ್ ಎಂದು ಅನುಕರಿಸುವ ಸದ್ದು ಈ ಚಿಮ್ಮುವಿಕೆಯದೇ. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಗಾಲಿಯ ಒಂದು ಸುತ್ತಿಗೆ ನಾಲ್ಕು ಛುಕ್. ಇದು ತಿಳಿದ ಮೇಲೆ ಆ ಸದ್ದು ನನಗೆ ಮೊದಲಿನಂತೆ ಕೇಳಿಸಲೇ ಇಲ್ಲ.

ಇನ್ನು ಮಾದರಿ ರೈಲು. ನಮ್ಮ ಜಿಲ್ಲೆಯ ಹಳಿಗಳೆಲ್ಲ ಒಂದು ಕಾಲಕ್ಕೆ ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ 1000 ಮಿ.ಮೀ. ಅಂತರ. ಈಗಿನ ಬ್ರಾಡ್ ಗೇಜಿನಲ್ಲಿ ಅದು 1676. ಮೀಟರ್ ಗೇಜಿನ ಪ್ರಯಾಣಿಕ ಗಾಡಿಗಳಿಗೆಂದು ರೂಪಿಸಿದ ವೈಪಿ ಇಂಜಿನ್ ನನಗೆ ಅಚ್ಚುಮೆಚ್ಚು. 1949ರಿಂದ 1970ರವರೆಗೆ 871 ವೈಪಿಗಳು ತಯಾರಾದವು, ಕೊನೆಯವು ಜಮ್‌ಶೆಡ್‌ಪುರದ ಟೆಲ್ಕೋ ಕಾರ್ಖಾನೆಯಲ್ಲಿ. ಅದರ ದೊಡ್ಡ ಗಾಲಿಯ ವ್ಯಾಸ 1372 ಮಿ.ಮೀ. ಮಾದರಿ ರೈಲುಗಳಲ್ಲಿ ರೂಢಿಯಲ್ಲಿರುವ ಅಳತೆಯಂತೆ 87ನೇ ಒಂದು ಭಾಗಕ್ಕೆ ಇಳಿಸಿದರೆ ಸುಮಾರು 16 ಮಿ.ಮೀ., ಹಳಿ 12 ಮಿ.ಮೀ.ಗೆ ಹತ್ತಿರ. ಅದೇ ಲೆಕ್ಕದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟದ ಹಾದಿಗೆ 630 ಮೀಟರ್ ಉದ್ದದ ಮೇಜು ಬೇಕು! ಹಾಗಾಗಿ ಒಂದು ಸೇತುವೆ, ಒಂದು ಸುರಂಗದ ಬಾಯಿ ಆರಿಸಿಕೊಳ್ಳಬೇಕು. ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವಾಗ ಆ ಹಾದಿಯನ್ನು ನಾವು ಎಷ್ಟು ನೋಡಿದ್ದೇವೆ ಎಂಬುದು ಗೊತ್ತಾಗುತ್ತದೆ.

ಬೀರುವಿನಲ್ಲಿರುವ ಹಳೆಯ ಕೀಲಿ ರೈಲುಗಳು ಇಷ್ಟು ಕರಾರುವಾಕ್ಕಲ್ಲ. ಲಿವರ್‌ಪೂಲಿನ ಆಟಿಕೆ ತಯಾರಕ ಹಾರ್ನ್‌ಬಿ 1920ರಲ್ಲಿ ಮಾರುಕಟ್ಟೆಗೆ ತಂದ ರೈಲುಗಳ ಪೀಳಿಗೆಯವು ಇವು: ತಗಡಿನ ಮೈ, 32 ಮಿ.ಮೀ. ಹಳಿ. ಬದಿಯ ತಗಡನ್ನು ಬಿಚ್ಚಿದರೆ ಸುರುಳಿ ಸ್ಪ್ರಿಂಗ್, ಹಲ್ಲುಚಕ್ರಗಳು, ಕಟ್ಟಿಹೋದ ಹಳೆಯ ಎಣ್ಣೆ ಎಲ್ಲ ಕಾಣುತ್ತವೆ. ಸೀಮೆಎಣ್ಣೆಯಲ್ಲಿ ಅದ್ದಿದ ಕುಂಚದಿಂದ ಆ ಜಿಡ್ಡು ತೆಗೆದು, ಒಂದೊಂದು ಹನಿ ಹೊಸ ಎಣ್ಣೆ ಬಿಟ್ಟು ಕೀಲಿ ತಿರುಗಿಸಿದಾಗ ಗಾಲಿ ಹೊರಳುವುದಿದೆಯಲ್ಲ, ಆ ಸಂತೋಷಕ್ಕೆ ಬೆಲೆ ಕಟ್ಟಲಾರೆ. ಆದರೆ ಎರಕದ ಗಾಲಿಗಳಿಗೆ ಮದ್ದಿಲ್ಲ. ಸತುವಿನ ಮಿಶ್ರಲೋಹದಲ್ಲಿ ಸೀಸ ಸ್ವಲ್ಪವೇ ಬೆರೆತಿದ್ದರೂ ಅದು ಒಳಗೊಳಗೇ ಬಿರುಕು ಬಿಟ್ಟು, ಊದಿಕೊಂಡು, ಕೊನೆಗೆ ಹಳೆಯ ರೊಟ್ಟಿಯಂತೆ ಪುಡಿಯಾಗುತ್ತದೆ. ತೇವ ಇದ್ದರೆ ಇನ್ನೂ ಬೇಗ. ನಮ್ಮ ಕಡೆಯ ಆಷಾಢದ ಮಳೆ ಎಂಥದೆಂದು ಹೇಳಬೇಕಿಲ್ಲ. ಮಳೆಗಾಲದುದ್ದಕ್ಕೂ ಇವನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ.

ದೊಡ್ಡ ಇಂಜಿನ್‌ಗಳ ಶತ್ರುವೂ ಇದೇ ತೇವ. ಕಟ್ಟಡಗಳ ಮುಂದೆ ಕಟ್ಟೆಯ ಮೇಲೆ ನಿಲ್ಲಿಸಿದ ಇಂಜಿನ್‌ಗೆ ಬಣ್ಣ ಬಳಿಯುವ ಉತ್ಸಾಹವನ್ನು ಒಂದು ಸೂರು ಹಾಕಿಸುವುದರಲ್ಲಿ ಯಾಕೆ ತೋರಿಸುವುದಿಲ್ಲ? ಮಳೆನೀರು ಚಿಮಣಿಯಿಂದ ಇಳಿದು ಹೊಗೆಪೆಟ್ಟಿಗೆಯ ತಳವನ್ನು ತಿನ್ನುತ್ತದೆ. ಹೊರಗಿನ ಹೊಳಪಿಗೆ ಅದನ್ನು ತಡೆಯಲಾಗದು. ಬಣ್ಣಕ್ಕಿಂತ ಮೊದಲು ಚಿಮಣಿಗೊಂದು ಮುಚ್ಚಳ, ದಂಡಗಳ ಕೀಲುಗಳಿಗೆ ಎಣ್ಣೆ, ಆಮೇಲೆ ಸೂರು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಜೀವಂತ ಉಗಿ ನೋಡಬೇಕೆಂದರೆ ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವ ನೀಲಗಿರಿ ರೈಲಿಗೆ ಹೋಗಿ. ಅದರ ಇಂಜಿನ್ ಬೋಗಿಗಳ ಹಿಂದೆ ನಿಂತು ಮೇಲಕ್ಕೆ ತಳ್ಳುತ್ತದೆ. ಕಡಿದಾದ ಏರಿನಲ್ಲಿ ಹಳಿಗಳ ನಡುವೆ ಹಾಕಿರುವ ಹಲ್ಲುಹಳಿ ಬಂದಾಗ, ಮೊದಲ ಜೋಡಿ ಸಿಲಿಂಡರಿನಲ್ಲಿ ದುಡಿದ ಉಗಿಯೇ ಎರಡನೇ ಜೋಡಿಗೆ ಹೋಗಿ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ನಾಲ್ಕೂ ಸಿಲಿಂಡರ್ ಹೊರಗೇ ಇವೆ, ಎಲ್ಲವೂ ಕಾಣುತ್ತದೆ.

ಅಷ್ಟು ದೂರ ಆಗದಿದ್ದರೆ 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಇದೆ. ಮಕ್ಕಳಿದ್ದರೆ ಮೊದಲು ಅವರಿಗೆ ಸಿಲಿಂಡರ್ ತೋರಿಸಿ, ಅಲ್ಲಿಂದ ದಂಡ ಹಿಡಿದು ಗಾಲಿಯವರೆಗಿನ ಹಾದಿಯನ್ನು ಅವರೇ ಹುಡುಕಲಿ. ಫೋಟೊ ಆಮೇಲೆ ತೆಗೆಯಬಹುದು. ಹಾಸನದಿಂದ ಹೊಳೆನರಸೀಪುರದ ಮೇಲೆ ರೈಲಿನಲ್ಲೇ ಹೋಗಿ. ಸಂಗ್ರಹಾಲಯ ಮೈಸೂರು ನಿಲ್ದಾಣಕ್ಕೆ ಹತ್ತಿರದಲ್ಲೇ ಇದೆ.