ಸ್ಲೋ ದಾರಿಯಲ್ಲಿ ರೈಲು ಮತ್ತು ತಂತಿ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಪಶ್ಚಿಮದ ಸ್ಲೋ (Slough) ಎಂಬ ಊರಿಗೆ ವೇಗದ ರೈಲುಗಳು ಬೇಕಾದಷ್ಟಿವೆ. ನಾನು ಬೇಕೆಂದೇ ನಿಂತು ನಿಂತು ಹೋಗುವ ಎಲಿಜಬೆತ್ ಲೈನ್ ಹತ್ತಿದೆ. ಟೆಲಿಗ್ರಾಫ್ ತಂತಿ ಮೊದಮೊದಲು ಕೆಲಸಕ್ಕೆ ಇಳಿದ ದಾರಿ ಇದು. ನಿಧಾನವಾಗಿ ನೋಡಬೇಕಿತ್ತು.

ಹ್ಯಾನ್ವೆಲ್ ದಾಟಿದ ಕೂಡಲೇ ರೈಲು ಎಂಜಿನಿಯರ್ ಬ್ರೂನೆಲ್ ಕಟ್ಟಿಸಿದ ವಾರ್ನ್‌ಕ್ಲಿಫ್ ಸೇತುವೆ ಏರುತ್ತದೆ. ಕೆಳಗೆ ಎಂಟು ಇಟ್ಟಿಗೆ ಕಮಾನುಗಳಿವೆ, ಒಳಗೆ ಕೂತವರಿಗೆ ಕಾಣುವುದು ಮರಗಳ ತಲೆ ಮಾತ್ರ. 1838ರಲ್ಲಿ ಇಲ್ಲಿ ರೈಲು ಓಡಿತು. ಮರುವರ್ಷವೇ ಟೆಲಿಗ್ರಾಫ್ ರೂಪಿಸಿದ ಕುಕ್ ಮತ್ತು ವೀಟ್‌ಸ್ಟನ್ ಅವರ ತಂತಿ ಕಬ್ಬಿಣದ ಕೊಳವೆಯೊಳಗೆ ವೆಸ್ಟ್ ಡ್ರೇಟನ್‌ವರೆಗೆ ಬಂತು. ಪ್ಯಾಡಿಂಗ್ಟನ್‌ನಿಂದ ಸುಮಾರು 13 ಮೈಲಿ.

ಇವರ ಮೊದಲ ಪ್ರಯೋಗ ನಡೆದಿದ್ದೂ ರೈಲಿಗಾಗಿಯೇ. ಲಂಡನ್ನಿನಲ್ಲೇ ಯೂಸ್ಟನ್‌ನಿಂದ ಕ್ಯಾಮ್ಡನ್‌ಗೆ ಏರು ದಾರಿ. ಮೇಲಿದ್ದ ಯಂತ್ರ ಹಗ್ಗ ಕಟ್ಟಿ ಗಾಡಿಗಳನ್ನು ಎಳೆಯಬೇಕಿತ್ತು. ಕೆಳಗೆ ಗಾಡಿ ಸಿದ್ಧವಾಗಿದೆ ಎಂದು ಮೇಲಿನವರಿಗೆ ಗೊತ್ತಾಗಬೇಕಲ್ವಾ? 1837ರ ಜುಲೈನಲ್ಲಿ ತಂತಿ ಎಳೆದು ತೋರಿಸಿದರು. ಆ ರೈಲು ಕಂಪನಿ ಮಾತ್ರ ಕೊನೆಗೆ ಗಾಳಿಯಿಂದ ಊದುವ ಸೀಟಿಯೇ ಸಾಕು ಅಂದಿತು.

ತಂತಿಗೂ ರೈಲು ಬೇಕಿತ್ತು. ನೂರಾರು ಜನರ ಹೊಲ ದಾಟಿ ತಂತಿ ಎಳೆಯಲು ಎಷ್ಟು ಮಂದಿಯ ಒಪ್ಪಿಗೆ ಕೇಳುತ್ತೀರಿ? ಹಳಿಯ ಪಕ್ಕದ ಜಾಗವಾದರೆ ಉದ್ದಕ್ಕೂ ಒಬ್ಬರದೇ, ಕಾವಲೂ ಇರುತ್ತದೆ. 1843ರಲ್ಲಿ ಕುಕ್ ತನ್ನದೇ ಖರ್ಚಿನಲ್ಲಿ ತಂತಿಯನ್ನು ಸ್ಲೋವರೆಗೆ ಬೆಳೆಸಿದರು, ಈ ಸಲ ಕಂಬಗಳ ಮೇಲೆ. ರೈಲ್ವೆಯ ಸಂದೇಶಗಳು ಪುಕ್ಕಟೆ, ಜನರ ಸಂದೇಶದ ದುಡ್ಡು ಕುಕ್‌ಗೆ. ಒಂದು ಶಿಲ್ಲಿಂಗ್ ಕೊಟ್ಟರೆ ಯಂತ್ರವನ್ನೂ ನೋಡಬಹುದಿತ್ತು.

ಸ್ಲೋನಲ್ಲಿ ಇಳಿದೆ. ಈಗಿನ ಕಟ್ಟಡ ಆ ಕಾಲದ್ದಲ್ಲ. ಆದರೂ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ 1845ರ ಜನವರಿ 1ರ ಸಂಜೆಯೇ ಕಣ್ಣ ಮುಂದೆ ಬಂತು. ಹತ್ತಿರದ ಸಾಲ್ಟ್ ಹಿಲ್‌ನಲ್ಲಿ ಸಾರಾ ಹಾರ್ಟ್ ಎಂಬ ಹೆಂಗಸು ವಿಷದಿಂದ ಸತ್ತಳು. ಅವಳ ಮನೆಯಿಂದ ಹೊರಟ ಜಾನ್ ಟಾವೆಲ್ 7:42ರ ರೈಲು ಹತ್ತಿ ಲಂಡನ್ ಕಡೆ ಹೋದ. ಬೆನ್ನಟ್ಟಲು ಕುದುರೆಯಿಂದ ಆಗುತ್ತಿರಲಿಲ್ಲ, ರೈಲಿಗಿಂತ ವೇಗದ್ದು ಬೇರೆ ಇರಲಿಲ್ಲ. ತಂತಿಯೊಂದನ್ನು ಬಿಟ್ಟು. ಅವನ ಉಡುಪು, ಕಾಲು ಮುಟ್ಟುವ ಕಂದು ಕೋಟು, ಕೂತಿರುವ ಬೋಗಿ, ಎಲ್ಲ ಪ್ಯಾಡಿಂಗ್ಟನ್‌ಗೆ ಹೋಯಿತು. ಅವನು ಕ್ವೇಕರ್ (Quaker) ಎಂಬ ಕ್ರೈಸ್ತ ಪಂಥದವರ ಉಡುಪಿನಲ್ಲಿದ್ದ. ಆ ಯಂತ್ರದಲ್ಲಿ ಕ್ಯೂ ಅಕ್ಷರವೇ ಇಲ್ಲ! ಕೆ, ಡಬ್ಲ್ಯೂ ಸೇರಿಸಿ ಕಳಿಸಿದರು. ಆ ಕಡೆಯವರಿಗೆ ಮೊದಲು ಅರ್ಥವೇ ಆಗಲಿಲ್ಲವಂತೆ. ಅವನು ಇಳಿಯುವಾಗ ರೈಲ್ವೆ ಪೊಲೀಸ್ ಕಾಯುತ್ತಿದ್ದ. ಹಿಂಬಾಲಿಸಿದರು, ಮರುದಿನ ಹಿಡಿದರು. ಮಾರ್ಚ್‌ನಲ್ಲಿ ಅವನಿಗೆ ಗಲ್ಲಾಯಿತು.

ಬಾತ್ ರೋಡ್ ಹಿಡಿದು ಸಾಲ್ಟ್ ಹಿಲ್ ಪಾರ್ಕಿಗೆ ನಡೆದೆ. ಮಕ್ಕಳು ಆಡುತ್ತಿದ್ದರು. ಸಾರಾಳ ಮನೆಯ ಗುರುತು ನನಗೆಲ್ಲೂ ಕಾಣಲಿಲ್ಲ. ಅವಳಿಗೆ ಇಬ್ಬರು ಚಿಕ್ಕ ಮಕ್ಕಳಿದ್ದರು. ತಂತಿಯ ಸಾಹಸ ಹೇಳುವ ಭರದಲ್ಲಿ ಆ ತಾಯಿಯನ್ನು ಎಲ್ಲರೂ ಬೇಗ ದಾಟಿಬಿಡುತ್ತಾರೆ. ಅದು ನನಗೆ ಬೇಸರ ತಂದಿತು.

ಈ ಪ್ರಕರಣದಿಂದ ಟೆಲಿಗ್ರಾಫ್ ಮನೆಮಾತಾಯಿತು, ನಿಜ. ಆದರೆ ನನ್ನ ಮಟ್ಟಿಗೆ ಜಾಸ್ತಿ ದೊಡ್ಡದು 1844ರಲ್ಲಿ ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ವಿಚ್ ಮತ್ತು ಯಾರ್ಮತ್ ಊರುಗಳ ನಡುವೆ ಆದ ಕೆಲಸ. ಅಲ್ಲಿ ಒಂಟಿ ಹಳಿ. ಎದುರಿಂದ ಇನ್ನೊಂದು ರೈಲು ಬಂದರೆ ಗತಿ ಏನು? ದಾರಿಯನ್ನು ತುಂಡು ತುಂಡು ಮಾಡಿದರು. ಮುಂದಿನ ತುಂಡು ಖಾಲಿ ಇದೆ ಎಂದು ತಂತಿಯಲ್ಲಿ ಗೊತ್ತಾದ ಮೇಲೆಯೇ ರೈಲು ಬಿಟ್ಟರು. ನಮ್ಮ ಕಡೆಯ ಸ್ಟೇಷನ್ ಮಾಸ್ಟರ್ ಪಕ್ಕದ ಸ್ಟೇಷನ್ನಿನಿಂದ ‘ಲೈನ್ ಕ್ಲಿಯರ್’ ತಗೊಂಡು ಗಾಡಿ ಬಿಡುತ್ತಿದ್ದುದೂ ಇದೇ ಲೆಕ್ಕದ ಮೇಲೆ. ಹಾಗೆ ಉಳಿದ ಜೀವಗಳು ಯಾವ ಪತ್ರಿಕೆಯಲ್ಲೂ ಸುದ್ದಿಯಾಗಲಿಲ್ಲ.