ಅಮೆರಿಕದಲ್ಲೂ ಹೈಕಮಾಂಡ್ ಇದೆಯಾ?

ಹಾಸನದಿಂದ ಮಾವ ವಾರ ವಾರ ಫೋನ್ ಮಾಡುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಈ ಪ್ರಶ್ನೆ ತಪ್ಪದೇ ಬರುತ್ತದೆ. "ಅಲ್ಲಮ್ಮಾ, ಅಲ್ಲಿ ಪ್ರೆಸಿಡೆಂಟ್ ಟಿಕೆಟ್ ನಿಜವಾಗ್ಲೂ ಜನಾನೇ ಕೊಡ್ತಾರಾ? ಇಲ್ಲಾ ಅಲ್ಲೂ ಹೈಕಮಾಂಡ್ ಇದೆಯಾ?" ಊರಿಗೆ ಹೋದಾಗ ಮದುವೆಮನೆ ಪಂಕ್ತಿಯಲ್ಲೂ ಇದನ್ನೇ ಕೇಳುತ್ತಾರೆ. ನಾನು ಉತ್ತರ ಶುರು ಮಾಡುವಷ್ಟರಲ್ಲಿ ಪಾಯಸ ನನ್ನ ಎಲೆ ದಾಟಿ ಮುಂದೆ ಹೋಗಿರುತ್ತದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಇದೆ ಮಾವ. ಆದರೆ ಬಿ ಫಾರಂ ಅದರ ಜೇಬಿನಲ್ಲಿಲ್ಲ. ಅದರ ಕೆಲಸವೆಲ್ಲ ನಾವು ಮತಗಟ್ಟೆಗೆ ಹೋಗುವ ಮೊದಲೇ ಮುಗಿದಿರುತ್ತದೆ.

ಪ್ರೈಮರಿ ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರು ಆರಿಸುವ ಚುನಾವಣೆ. ರಾಜ್ಯ ರಾಜ್ಯಕ್ಕೆ ಬೇರೆ ಬೇರೆ ದಿನ. ಬಿದ್ದ ಓಟು ನೋಡಿ ಅಭ್ಯರ್ಥಿಗಳಿಗೆ ಡೆಲಿಗೇಟ್‌ಗಳು, ಅಂದರೆ ಪಕ್ಷದ ಸಮಾವೇಶದಲ್ಲಿ ಅವರ ಪರ ಓಟು ಹಾಕುವ ಪ್ರತಿನಿಧಿಗಳು, ಸಿಗುತ್ತಾರೆ. ನಾನು ಮೊದಲ ಸಲ ಅದರಲ್ಲಿ ಓಟು ಹಾಕಿದ್ದು 2016ರ ಜೂನ್ 7ರಂದು, ನ್ಯೂಜೆರ್ಸಿಯಲ್ಲಿ. ಡೆಮಾಕ್ರಟಿಕ್ ಪಕ್ಷದಲ್ಲಿ ಹಿಲರಿ ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸ್ ನಡುವೆ ಪೈಪೋಟಿ. ಹಿಂದಿನ ರಾತ್ರಿ ಪಾತ್ರೆ ತೊಳೆಯುತ್ತಿದ್ದೆ, ಫೋನ್ ಟಿಣ್ ಅಂತು. ಹಿಲರಿಗೆ ಬೇಕಿದ್ದ 2,383 ಡೆಲಿಗೇಟ್‌ಗಳು ಸಿಕ್ಕಾಯಿತು, ಅಭ್ಯರ್ಥಿ ಅವರೇ ಅಂತ ಸುದ್ದಿ. ನಾನಿನ್ನೂ ಓಟೇ ಹಾಕಿಲ್ಲ! ಅಷ್ಟು ದೊಡ್ಡ ಕ್ಯಾಲಿಫೋರ್ನಿಯಾದ ಮತದಾನವೂ ಮರುದಿನವೇ ಇತ್ತು.

ಆ ಲೆಕ್ಕ ತುಂಬಿಸಿದ್ದು ಸೂಪರ್ ಡೆಲಿಗೇಟ್‌ಗಳು. ಅಂದರೆ ಪಕ್ಷದ ಗವರ್ನರ್‌ಗಳು, ಸಂಸದರು, ಮಾಜಿ ಅಧ್ಯಕ್ಷರು, ರಾಷ್ಟ್ರೀಯ ಸಮಿತಿಯ ಸದಸ್ಯರು. ಆಗ ಏಳುನೂರಕ್ಕಿಂತ ಜಾಸ್ತಿ ಇದ್ದರು. ತಮ್ಮ ರಾಜ್ಯದ ಜನ ಯಾರನ್ನೇ ಗೆಲ್ಲಿಸಲಿ, ಇವರು ಮನಸ್ಸಿಗೆ ಬಂದವರ ಪರ ನಿಲ್ಲಬಹುದಿತ್ತು. ಅವರು ಓಟು ಹಾಕಬೇಕಿದ್ದದ್ದು ಜುಲೈನಲ್ಲಿ, ಫಿಲಡೆಲ್ಫಿಯಾ ಸಮಾವೇಶದಲ್ಲಿ. ಸುದ್ದಿಯವರು ಮೊದಲೇ ಒಬ್ಬೊಬ್ಬರನ್ನೂ ಕೇಳಿ ಕೂಡಿಸಿಬಿಟ್ಟಿದ್ದರು.

ಬೆಳಿಗ್ಗೆ ಮತಗಟ್ಟೆಗೆ ಹೋದೆ. ಅಲ್ಲಿನ ಬ್ಯಾಲೆಟ್ ಇನ್ನೊಂದು ಪಾಠ. ಆಗ ನ್ಯೂಜೆರ್ಸಿಯ ಬಹುತೇಕ ಕೌಂಟಿಗಳಲ್ಲಿ, ಪಕ್ಷದ ಸ್ಥಳೀಯ ಮುಖಂಡರು ಒಪ್ಪಿದ ಹೆಸರುಗಳೆಲ್ಲ ಮೇಲಿನ ಹುದ್ದೆಯಿಂದ ಕೆಳಗಿನ ಹುದ್ದೆವರೆಗೆ ಒಂದೇ ಸಾಲಿನಲ್ಲಿ ನೀಟಾಗಿ ಕೂತಿರುತ್ತಿದ್ದವು. 'ಲೈನ್' ಅಂತಲೇ ಅದರ ಹೆಸರು. ಉಳಿದವರು ಎಲ್ಲೋ ಮೂಲೆಯಲ್ಲಿ, ಕರೆಯದೇ ಮದುವೆಗೆ ಬಂದವರ ಹಾಗೆ. ಯಾರೂ ಕೈ ಹಿಡಿದು ಓಟು ಹಾಕಿಸುವುದಿಲ್ಲ. ಕಣ್ಣು ಮಾತ್ರ ತಾನಾಗಿ ಆ ಸಾಲಿಗೇ ಹೋಗುತ್ತದೆ. 2024ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿದ್ದ ಆಂಡಿ ಕಿಮ್ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಈ ಸಾಲಿಗೆ ತಡೆ ಬಿತ್ತು.

ಹಾಗಂತ 2016ರಲ್ಲಿ ಬರ್ನಿಗೆ ಮೋಸ ಆಯಿತು ಅನ್ನುವ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಹಿಲರಿಗೆ ಅವರಿಗಿಂತ 35 ಲಕ್ಷಕ್ಕೂ ಹೆಚ್ಚು ಓಟು ಬಿದ್ದಿತ್ತು. ಸೂಪರ್ ಡೆಲಿಗೇಟ್‌ಗಳನ್ನು ಪಕ್ಕಕ್ಕಿಟ್ಟರೂ ಅವರೇ ಮುಂದಿದ್ದರು. ತೊಂದರೆ ಬೇರೆ. ಒಂದೆರಡು ರಾಜ್ಯದಲ್ಲಿ ಮತದಾನ ಮುಗಿಯುವ ಹೊತ್ತಿಗೇ ಟಿವಿ ಪಟ್ಟಿಯಲ್ಲಿ ಹಿಲರಿ ಹೆಸರಿನ ಮುಂದೆ ನೂರಾರು ಡೆಲಿಗೇಟ್‌ಗಳು ಕಾಣುತ್ತಿದ್ದರು. ಗೆಲ್ಲುವ ಕುದುರೆ ಇದೇ ಅಂತ ಓಟ ಶುರುವಾದಾಗಲೇ ತೋರಿಸಿದರೆ ಇನ್ನೊಂದರ ಮೇಲೆ ಯಾರು ದುಡ್ಡು ಕಟ್ಟುತ್ತಾರೆ? ಗಲಾಟೆ ಜೋರಾಗಿ, 2018ರಲ್ಲಿ ಪಕ್ಷ ನಿಯಮ ಬದಲಿಸಿತು. ಈಗ ಸ್ಪರ್ಧೆ ಬಿಗಿಯಾಗಿದ್ದರೆ ಸಮಾವೇಶದ ಮೊದಲ ಸುತ್ತಿನಲ್ಲಿ ಸೂಪರ್ ಡೆಲಿಗೇಟ್‌ಗಳು ಓಟು ಹಾಕುವಂತಿಲ್ಲ.

ಮೊದಲಿನ ಕಾಲಕ್ಕೆ ಹೋಲಿಸಿದರೆ ಇದೆಲ್ಲ ಏನೂ ಅಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ನಿಲ್ಲದೆ ಟಿಕೆಟ್ ತಗೊಂಡರು. ಸಮಾವೇಶದ ಹೊರಗೆ ಶಿಕಾಗೋ ಬೀದಿಗಳಲ್ಲಿ ಪೊಲೀಸರು ಪ್ರತಿಭಟನಾಕಾರರ ಮೇಲೆ ಲಾಠಿ ಬೀಸುತ್ತಿದ್ದರು. ಆಮೇಲೆ ಜಾರ್ಜ್ ಮೆಗವರ್ನ್ ನೇತೃತ್ವದ ಸಮಿತಿ ನಿಯಮ ಬದಲಿಸಿ, ಆಯ್ಕೆಯನ್ನು ಮತದಾರರ ಕೈಗೆ ಕೊಟ್ಟಿತು. 1972ರಲ್ಲಿ ಅದೇ ನಿಯಮದಡಿ ಗೆದ್ದ ಅಭ್ಯರ್ಥಿ ಯಾರು ಗೊತ್ತಾ? ಮೆಗವರ್ನ್ ಅವರೇ! ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ 49 ರಾಜ್ಯಗಳಲ್ಲಿ ಸೋತರು. ಹಿರಿಯರು "ನೋಡಿದ್ರಾ" ಅಂದರು, 1984ರ ಹೊತ್ತಿಗೆ ಸೂಪರ್ ಡೆಲಿಗೇಟ್‌ಗಳನ್ನು ತಂದು ಕೂರಿಸಿದರು.

ನಿಜವಾದ ಹೈಕಮಾಂಡ್ ಕೆಲಸ ನೋಡಬೇಕಾದರೆ 2020ರ ಮೂರು ದಿನ ನೋಡಬೇಕು. ಮೊದಲು ಮತದಾನ ನಡೆದ ಅಯೋವಾದಲ್ಲಿ ಬೈಡನ್ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಕಥೆ ಮುಗೀತು ಅಂತ ನಾನೂ ಅಂದುಕೊಂಡಿದ್ದೆ. ದಕ್ಷಿಣ ಕೆರೊಲಿನಾದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ "ನನ್ನ ಬೆಂಬಲ ಜೋ ಅವರಿಗೆ" ಅಂದರು. ಫೆಬ್ರವರಿ 29ರಂದು ಬೈಡನ್ ಅಲ್ಲಿ ಭರ್ಜರಿಯಾಗಿ ಗೆದ್ದರು. ಮಾರ್ಚ್ 1ಕ್ಕೆ ಪೀಟ್ ಬುಟಿಜೆಜ್ ಕಣದಿಂದ ಹೊರಗೆ. ಮರುದಿನ ಏಮಿ ಕ್ಲೋಬುಚಾರ್ ಹೊರಗೆ. ಅವತ್ತೇ ಇಬ್ಬರೂ ಬೈಡನ್ ಪರ ನಿಂತರು. ಮಾರ್ಚ್ 3ಕ್ಕೆ 14 ರಾಜ್ಯಗಳ ಮತದಾನ, ಬೈಡನ್ 10 ಗೆದ್ದರು. ಇಲ್ಲಿ ಒಂದೂ ಕಳ್ಳ ಓಟಿಲ್ಲ. ಆ ಸಲವೂ ಕಣದಲ್ಲಿದ್ದು ಮುಂದಿದ್ದ ಬರ್ನಿ ಎದುರಿನ ಓಟು ಒಡೆಯದಂತೆ ನೋಡಿಕೊಂಡರು, ಅಷ್ಟೇ. ನಮ್ಮಲ್ಲಿ ನಾಮಪತ್ರ ವಾಪಸ್ ತೆಗೆಸುತ್ತಾರಲ್ಲ, ಆ ದಿನದ ಓಡಾಟ ನೋಡಿದವರಿಗೆ ಇದೇನೂ ಹೊಸದಲ್ಲ.

ರಿಪಬ್ಲಿಕನ್ನರಿಗೆ 2016ರಲ್ಲಿ ಇದನ್ನೇ ಮಾಡಲು ಆಗಲಿಲ್ಲ. 17 ಜನ ಕಣದಲ್ಲಿ. ಟ್ರಂಪ್ ಬೇಡ ಅನ್ನುವ ಮುಖಂಡರಿಗೆ ಕಡಿಮೆಯಿರಲಿಲ್ಲ, ಆದರೆ ಯಾರು ಬೇಕು ಅನ್ನುವುದರಲ್ಲಿ ಒಮ್ಮತವಿರಲಿಲ್ಲ. ದಕ್ಷಿಣ ಕೆರೊಲಿನಾದಲ್ಲಿ ಟ್ರಂಪ್‌ಗೆ ಬಿದ್ದದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಓಟು. ಉಳಿದ ಓಟು ಒಡೆದುಹೋದದ್ದರಿಂದ ಸಿಕ್ಕಿದ್ದು 50ಕ್ಕೆ 50 ಡೆಲಿಗೇಟ್‌ಗಳು.

ಮಾವನಿಗೆ ಇದಾವುದೂ ಅಷ್ಟು ರುಚಿಸಲಿಲ್ಲ. 2024ರ ಜುಲೈನಲ್ಲಿ ಬೈಡನ್ ಹಿಂದೆ ಸರಿದಾಗ ಮಾತ್ರ ಅವರಿಗೆ ಖುಷಿಯೋ ಖುಷಿ. "ಜೂನ್‌ನಲ್ಲಿ ಯಾರಿಗಮ್ಮಾ ಓಟು ಹಾಕಿದ್ದು ನೀನು?" ಬೈಡನ್‌ಗೆ. "ಈಗ ಯಾರು ಅಭ್ಯರ್ಥಿ?" ಕಮಲಾ ಹ್ಯಾರಿಸ್. "ನೋಡಿದ್ಯಾ!"

ಮಾವ ಜುಲೈ ನೋಡಿ ನಕ್ಕರು. ನನಗೆ ಬೇಜಾರಾದದ್ದು ಅದಕ್ಕೂ ಹಿಂದಿನ ವರ್ಷದ ಬಗ್ಗೆ. ಜುಲೈನಲ್ಲಿ ಮುಖಂಡರು ಹೇಳಿದ್ದನ್ನು ಸಾಮಾನ್ಯ ಮತದಾರರು ಎಷ್ಟೋ ದಿನದಿಂದ ಹೇಳುತ್ತಿದ್ದರು: ವಯಸ್ಸಾಯಿತು, ಸಾಕು ಅಂತ. 2023ರಲ್ಲಿ ಪಕ್ಷದ ದೊಡ್ಡ ಮುಖಂಡರು ಒಬ್ಬರೂ ಬೈಡನ್ ಎದುರು ನಿಲ್ಲಲಿಲ್ಲ. ಪಕ್ಷ ಚರ್ಚೆಗಳನ್ನೇ ಇಡಲಿಲ್ಲ. ಫ್ಲೋರಿಡಾ ಘಟಕ ಬೈಡನ್ ಹೆಸರೊಂದನ್ನೇ ಕಳಿಸಿತು. ಒಂದೇ ಹೆಸರಾದ್ದರಿಂದ ಅಲ್ಲಿ ಪ್ರೈಮರಿಯೇ ನಡೆಯಲಿಲ್ಲ. ನಮ್ಮ ಸೊಸೈಟಿ ಎಲೆಕ್ಷನ್ ಭಾಷೆಯಲ್ಲಿ ಹೇಳುವುದಾದರೆ ಅವಿರೋಧ ಆಯ್ಕೆ. ಆಗ ಬಾಯಿ ಬಿಟ್ಟಿದ್ದರೆ ನನ್ನ ಜೂನ್ ಓಟಿಗೆ ಒಂದು ಅರ್ಥ ಇರುತ್ತಿತ್ತು.

ಇದನ್ನೆಲ್ಲ ಮಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಡೆ ಆಗಿದ್ರೆ ಒಬ್ಬನಾದ್ರೂ ಬಂಡಾಯ ಎದ್ದಿರೋನು" ಅಂದರು.

"ಎದ್ದಿದ್ದರು ಮಾವ. ಮಿನ್ನೆಸೋಟಾದ ಸಂಸದ ಡೀನ್ ಫಿಲಿಪ್ಸ್."

"ಯಾರು?" ಅಂದರು ಮಾವ.